ಮಾರ್ಚ್‌ನಿಂದ ಇಳಿಯುತ್ತಿದ್ದ ತೂಕ ಜೂನ್‌ನಲ್ಲಿ ನಿಂತದ್ದೇಕೆ?

ಪ್ರಶ್ನೆ: ಮೇಡಂ, ನನಗೆ 42 ವರ್ಷ, ಎತ್ತರ 157 ಸೆಂ.ಮೀ. ಊರು ಅಂಕೋಲಾ, ಕೆಲಸ ಕಾರವಾರದ ಒಂದು ಕಚೇರಿಯಲ್ಲಿ. ಮಾರ್ಚ್ ಮೊದಲ ವಾರ 74.6 ಕೆ.ಜಿ. ಇದ್ದೆ. ಮೊಬೈಲ್‌ಗೆ ಆ್ಯಪ್ ಹಾಕಿಕೊಂಡು ದಿನಕ್ಕೆ 1,350 ಕ್ಯಾಲರಿ ಎಂದು ಗುರಿ ಇಟ್ಟೆ. ವಾರಕ್ಕೆ ಅರ್ಧ ಕೆ.ಜಿ. ಇಳಿಯುತ್ತದೆ ಎಂದು ಅದು ಹೇಳಿತ್ತು. ಜೂನ್ ಮಧ್ಯಕ್ಕೆ 70.8 ಆಯಿತು. ಈಗ ಆಗಸ್ಟ್ ಮೊದಲ ವಾರ, 70.5. ಆ್ಯಪ್ ಪ್ರಕಾರ ಈ ಹೊತ್ತಿಗೆ 64ರ ಹತ್ತಿರ ಇರಬೇಕಿತ್ತು. ಸಂಜೆ ಕಚೇರಿ ಬಿಟ್ಟ ಮೇಲೆ ಟ್ಯಾಗೋರ್ ಕಡಲತೀರದಲ್ಲಿ 50 ನಿಮಿಷ ನಡೆಯುತ್ತಿದ್ದೆ, ಕೈಯ ಬ್ಯಾಂಡ್ 320 ಕ್ಯಾಲರಿ ತೋರಿಸುತ್ತಿತ್ತು. ಮಳೆ ಹಿಡಿದ ಮೇಲೆ ಮನೆಯಲ್ಲೇ ವಿಡಿಯೊ ನೋಡಿ ಡಂಬೆಲ್ಸ್ ಎತ್ತುತ್ತೇನೆ. ಮನೆಯಲ್ಲಿ ನಾಲ್ಕು ಜನ, ಅಡುಗೆ ನಾನೂ ಅತ್ತೆಯೂ ಮಾಡುತ್ತೇವೆ. ತಿಂದದ್ದೆಲ್ಲ ಬರೆದಿಡುತ್ತೇನೆ, ಭಾನುವಾರ ಮಾತ್ರ ಬರೆಯುವುದಿಲ್ಲ. ಜುಲೈ ಕೊನೆಯ ವಾರದ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. 1,000 ಕ್ಯಾಲರಿಗೆ ಇಳಿಸಲೇ? ಸಹೋದ್ಯೋಗಿಯೊಬ್ಬರು ಅನ್ನ ಪೂರ್ತಿ ಬಿಡಿ ಎನ್ನುತ್ತಾರೆ. ಕಡಿಮೆ ತಿಂದರೆ ದೇಹ ‘ಸ್ಟಾರ್ವೇಶನ್ ಮೋಡ್‌’ಗೆ ಹೋಗಿ ತೂಕ ಇಳಿಯುವುದೇ ನಿಲ್ಲುತ್ತದೆ ಎಂದು ಯೂಟ್ಯೂಬ್‌ನಲ್ಲಿ ಕೇಳಿದೆ. ಥೈರಾಯ್ಡ್ ಇರಬಹುದೇ?

ಉತ್ತರ: 1,000ಕ್ಕೆ ಇಳಿಸಬೇಡಿ. ಅನ್ನವನ್ನೂ ಬಿಡಬೇಡಿ. ಮುಂದಿನ ಮೂರು ವಾರ ಊಟ ಈಗಿನಂತೆಯೇ ಇರಲಿ, ಬರೆಯುವ ಕ್ರಮ ಮಾತ್ರ ಬದಲಾಗಲಿ. ಯಾಕೆ ಎನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ, ಏಕೆಂದರೆ ಇದೇ ಪ್ರಶ್ನೆ ಶಿರಸಿಯಲ್ಲೂ ಕುಮಟೆಯಲ್ಲೂ ಪ್ರತಿ ಮಳೆಗಾಲ ನನ್ನ ಮುಂದೆ ಬಂದು ಕೂರುತ್ತದೆ.

ಮೊದಲು ನಿಮ್ಮದೇ ಅಂಕಿಗಳನ್ನು ನೋಡೋಣ. ಮಾರ್ಚ್‌ನಿಂದ ಜೂನ್ ಮಧ್ಯದವರೆಗೆ 15 ವಾರ, ಇಳಿದದ್ದು 3.8 ಕೆ.ಜಿ. ಒಂದು ಕೆ.ಜಿ. ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ಅಮೆರಿಕದ ವೈದ್ಯರು ಪೌಂಡಿಗೆ 3,500 ಎಂದು ಹಾಕಿದ ಲೆಕ್ಕವೇ ಇಂದಿಗೂ ಬಹುತೇಕ ಆ್ಯಪ್‌ಗಳ ಒಳಗೆ ಕೂತಿದೆ. 3.8ನ್ನು 7,700ರಿಂದ ಗುಣಿಸಿ 105 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 280 ಕ್ಯಾಲರಿ ಬರುತ್ತದೆ. ನಿಮ್ಮ ದೇಹ ದಿನವೂ ತನ್ನ ಗಂಟಿನಿಂದ ತೆಗೆದು ಖರ್ಚು ಮಾಡಿದ್ದು ಇಷ್ಟು.

ಆ್ಯಪ್ ಎಷ್ಟೆಂದು ಭಾವಿಸಿತ್ತು? ಅವು ಸಾಮಾನ್ಯವಾಗಿ ಬಳಸುವುದು 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ಅದರಂತೆ ನಿಮ್ಮ ತೂಕ, ಎತ್ತರ, ವಯಸ್ಸಿಗೆ ಸುಮ್ಮನೆ ಮಲಗಿದ್ದರೂ ಸುಮಾರು 1,350 ಕ್ಯಾಲರಿ ಬೇಕು. ಕುರ್ಚಿ ಕೆಲಸ, ಮನೆಗೆಲಸ, ಸ್ವಲ್ಪ ನಡಿಗೆ ಸೇರಿಸಿ ಅದನ್ನು 1.4ರಿಂದ ಗುಣಿಸಿದರೆ 1,900. ನೀವು 1,350 ತಿಂದರೆ ಕೊರತೆ 550, ವಾರಕ್ಕೆ ಅರ್ಧ ಕೆ.ಜಿ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ 550 ಇರಬೇಕಾದಲ್ಲಿ 280 ಮಾತ್ರ ಸಿಕ್ಕಿದೆ. ಉಳಿದ 270 ಎಲ್ಲೋ ಸೋರಿದೆ, ಅದೂ ಬೇಸಿಗೆಯಲ್ಲೇ, ತೂಕ ಚೆನ್ನಾಗಿ ಇಳಿಯುತ್ತಿದೆ ಎಂದು ನೀವು ಖುಷಿಯಲ್ಲಿದ್ದಾಗಲೇ. ಮಳೆಗಾಲ ಬಂದು ಇನ್ನೊಂದಿಷ್ಟು ಸೇರಿಸಿತು, ಆಗ ಮುಳ್ಳು ನಿಂತಿತು. ಹಾಗಾಗಿ ಹುಡುಕಬೇಕಾದ್ದು ಎರಡು: ಹಳೆಯ ಸೋರಿಕೆ ಮತ್ತು ಜೂನ್‌ನ ಸೋರಿಕೆ.

ಹಳೆಯದಕ್ಕೆ ನಿಮ್ಮ ಸ್ಕ್ರೀನ್‌ಶಾಟ್ ಸಾಕು. ಮಂಗಳವಾರ ಮಧ್ಯಾಹ್ನ ನೀವು ಬರೆದದ್ದು: ‘ರೈಸ್ 1 ಕಪ್, 200. ಫಿಶ್ ಕರಿ 1 ಬೌಲ್, 140. ಆಯಿಲ್ 1 ಟೀ ಸ್ಪೂನ್, 45.’ ಯಾವ ಊರಿನ ಫಿಶ್ ಕರಿ ಇದು? ಆ್ಯಪ್‌ನ ಪಟ್ಟಿಯಲ್ಲಿರುವ ‘ಫಿಶ್ ಕರಿ’ ಟೊಮೆಟೊ ಹಾಕಿದ್ದಿರಬಹುದು, ಬಂಗಾಳದವರ ಸಾಸಿವೆಯದ್ದಿರಬಹುದು. ಅಂಕೋಲೆಯ ಮೀನಿನ ಸಾರೆಂದರೆ ಕಾಯಿ, ಒಣಮೆಣಸು, ಹುಳಿ ನುಣ್ಣಗೆ ಅರೆದದ್ದು. ನಾನು ಘಟ್ಟದ ಮೇಲಿನವಳು, ಮೀನು ತಿನ್ನುವವಳಲ್ಲ. ಆದರೆ ಕಾಯಿ ಎಷ್ಟು ಬೀಳುತ್ತದೆ ಎಂದು ನಮಗೂ ಗೊತ್ತು. ನಮ್ಮ ಕಡೆ ತಂಬುಳಿಗೆ ಎರಡು ಚಮಚ ಕಾಯಿತುರಿ ಸಾಕು, ಅದೇ ‘ಸಾಸಿವೆ’ ಎಂಬ ಮೊಸರಿನ ಪದಾರ್ಥ ಮಾಡಿದರೆ ಕಾಯಿಯ ಅರ್ಧ ಕಡಿ ಬೇಕು. ಎರಡನ್ನೂ ಆ್ಯಪ್‌ನಲ್ಲಿ ‘ರಾಯಿತ’ ಎಂದು ಬರೆದುಕೊಂಡು ಬರುವವರಿದ್ದಾರೆ.

ಹಸಿ ಕಾಯಿತುರಿ 100 ಗ್ರಾಂಗೆ 350ರಿಂದ 400 ಕ್ಯಾಲರಿ. ಒಂದು ಮಧ್ಯಮ ಕಾಯಿಯಲ್ಲಿ 250 ಗ್ರಾಂ ತಿರುಳು ಎಂದಿಟ್ಟುಕೊಳ್ಳಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದು ಕಾಯಿ ಒಡೆದರೆ ತಲೆಗೆ 60 ಗ್ರಾಂ ಮೇಲಾಯಿತು, ಅಂದರೆ ಹೆಚ್ಚುಕಡಿಮೆ 220 ಕ್ಯಾಲರಿ. ನಿಮ್ಮ ಇಡೀ ವಾರದ ಬರಹದಲ್ಲಿ ಕಾಯಿ ಎಂಬ ಹೆಸರು ಒಂದೇ ಕಡೆ ಇದೆ, ಬುಧವಾರದ ಚಟ್ನಿಯಲ್ಲಿ. ಸಾರು, ಪಲ್ಯ, ಸುಕ್ಕ ಎಲ್ಲದರ ಕಾಯಿ ಲೆಕ್ಕದ ಹೊರಗೆ ಉಳಿದಿದೆ.

ಕಾಯಿ ಕೆಟ್ಟದ್ದೆಂದು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಕರಾವಳಿಯ ಅಡುಗೆಯಿಂದ ಕಾಯಿ ತೆಗೆಯಿರಿ ಎನ್ನುವ ಆಹಾರಪಟ್ಟಿಗಳನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ. ಎರಡು ವಾರ ಆದಮೇಲೆ ಅವನ್ನು ಯಾರೂ ಪಾಲಿಸುವುದಿಲ್ಲ. ಬರೆಯಿರಿ ಎನ್ನುತ್ತಿದ್ದೇನೆ, ಅಷ್ಟೇ. ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ತುರಿದ ಕಾಯನ್ನು ಮಿಕ್ಸಿಗೆ ಹಾಕುವ ಮೊದಲು ಬಟ್ಟಲನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ ತೂಗಿ. ಲೋಟದ ಅಳತೆ ನಂಬಬೇಡಿ. ಅದೇ ಲೋಟಕ್ಕೆ ತುರಿಯನ್ನು ಸಡಿಲವಾಗಿ ತುಂಬಿದರೆ 80 ಗ್ರಾಂ ಹಿಡಿಯಬಹುದು. ಬೆರಳಲ್ಲಿ ಒತ್ತಿ ತುಂಬಿದರೆ ನೂರು ದಾಟುತ್ತದೆ, ನೋಡಲು ಎರಡೂ ‘ಒಂದು ಲೋಟ’ವೇ. ಅತ್ತೆಯವರು ಅಡುಗೆ ಮಾಡುವ ದಿನ ಹಿಂದೆ ನಿಂತು ತೂಗುವುದು ಕಷ್ಟ ಎನಿಸಿದರೆ ವಾರಕ್ಕೆ ಎಷ್ಟು ಕಾಯಿ ಒಡೆದಿರಿ ಎಂದು ಎಣಿಸಿ, ನಾಲ್ಕರಿಂದ ಭಾಗಿಸಿ. ಒರಟು ಲೆಕ್ಕ, ಆದರೆ 140ರ ‘ಫಿಶ್ ಕರಿ’ಗಿಂತ ಎಷ್ಟೋ ವಾಸಿ.

ಎಣ್ಣೆಗೂ ಇದೇ ಉಪಾಯ, ಇನ್ನೂ ಸುಲಭ. ಭಾನುವಾರ ಬೆಳಿಗ್ಗೆ ಎಣ್ಣೆ ಡಬ್ಬಿಯನ್ನು ಹಾಗೇ ತಕ್ಕಡಿ ಮೇಲಿಟ್ಟು ಗ್ರಾಂ ಬರೆದುಕೊಳ್ಳಿ. ನಡುವೆ ಹೊಸ ಪ್ಯಾಕೆಟ್ ಸುರಿದರೆ ಅದನ್ನೂ ಸೇರಿಸಿ. ಮುಂದಿನ ಭಾನುವಾರ ಮತ್ತೆ ತೂಗಿ. ಎಷ್ಟು ಗ್ರಾಂ ಕಡಿಮೆಯಾಯಿತೋ ಅಷ್ಟನ್ನು ನಾಲ್ಕರಿಂದಲೂ ಏಳರಿಂದಲೂ ಭಾಗಿಸಿ, 9ರಿಂದ ಗುಣಿಸಿ. ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗುವ ಮನೆಯಲ್ಲಿ ತಲೆಗೆ ದಿನಕ್ಕೆ 30 ಗ್ರಾಂ, 270 ಕ್ಯಾಲರಿ. ನೀವು ಬರೆಯುತ್ತಿರುವುದು ಹೊತ್ತಿಗೆ ಒಂದು ಟೀ ಚಮಚ, ದಿನಕ್ಕೆ 90. ಕಾವಲಿಯ ಮೇಲೆ ಬಂಗಡೆ ರವಾ ಫ್ರೈ ಮಾಡುವಾಗ ಗಮನಿಸಿ: ಅಂಚಿಗೆ ಬಿಟ್ಟ ಎಣ್ಣೆ ರವೆಯೊಳಗೆ ಹೋಗಿ ಮಾಯವಾಗುತ್ತದೆ, ಮಗುಚಿದಾಗ ಮತ್ತೆ ಬಿಡಬೇಕಾಗುತ್ತದೆ. ಒಂದು ಮೀನಿಗೆ 10 ಗ್ರಾಂ ರವೆ, 8 ಗ್ರಾಂ ಎಣ್ಣೆ ಹತ್ತಿದರೆ ಮೀನಿನ ಮೇಲೆ ನೂರು ಕ್ಯಾಲರಿಯ ಅಂಗಿ ತೊಡಿಸಿದಂತಾಯಿತು. ತೆಂಗಿನೆಣ್ಣೆ, ಶೇಂಗಾ ಎಣ್ಣೆ, ತುಪ್ಪ, ಯಾವುದೇ ಆಗಲಿ, ತೂಕದ ಲೆಕ್ಕದಲ್ಲಿ ವ್ಯತ್ಯಾಸ ನಗಣ್ಯ. ‘ತೆಂಗಿನೆಣ್ಣೆ ಕೊಬ್ಬು ಕರಗಿಸುತ್ತದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವುದನ್ನು ಓದಿ ಅಲ್ಲೇ ಬಿಡಿ.

ಹೀಗೆ ಬರಹ ತಪ್ಪುವುದು ನಿಮ್ಮೊಬ್ಬರ ದೋಷವಲ್ಲ. 1992ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ‘ನಾವು 1,200ಕ್ಕಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದ ಕೆಲವರನ್ನು ಕರೆಸಿ, ಮಾತಿನ ಲೆಕ್ಕ ಬದಿಗಿಟ್ಟು ದೇಹದ ನಿಜವಾದ ಖರ್ಚನ್ನೇ ಅಳೆದರು. ಅವರ ಚಯಾಪಚಯ ಸರಿಯಾಗಿಯೇ ಇತ್ತು. ತಿಂದದ್ದನ್ನು ಸರಾಸರಿ 47 ಶೇಕಡ ಕಡಿಮೆ ಹೇಳಿದ್ದರು, ವ್ಯಾಯಾಮವನ್ನು 51 ಶೇಕಡ ಹೆಚ್ಚು ಹೇಳಿದ್ದರು. ಸುಳ್ಳು ಹೇಳಬೇಕೆಂದಲ್ಲ, ಕಣ್ಣಳತೆಯ ಸ್ವಭಾವವೇ ಅದು. ನಿಮ್ಮ ತಪ್ಪು ಅದಕ್ಕಿಂತ ಬಹಳ ಸಣ್ಣದು.

ಇನ್ನು ಭಾನುವಾರ. ‘ಭಾನುವಾರ ಮಾತ್ರ ಬರೆಯುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ವಾರದ ಆರು ದಿನ ತಲಾ 300 ಉಳಿಸಿದರೆ 1,800. ಭಾನುವಾರ ಬೆಳಿಗ್ಗೆ ದೋಸೆ, ಮಧ್ಯಾಹ್ನ ಸಿಗಡಿ ಸುಕ್ಕ, ಸಂಜೆ ಮಕ್ಕಳ ಜೊತೆ ಐಸ್‌ಕ್ರೀಮ್. ಖರ್ಚಿಗಿಂತ 900 ಹೆಚ್ಚಾಗುವುದು ದೊಡ್ಡ ಮಾತೇನಲ್ಲ. ಉಳಿದದ್ದು 900, ಅಂದರೆ ವಾರದ ಶ್ರಮದಲ್ಲಿ ಅರ್ಧ. ಭಾನುವಾರ ತಿನ್ನಬೇಡಿ ಎಂದರೆ ನನಗೇ ನ್ಯಾಯ ಕಾಣುವುದಿಲ್ಲ, ಆದರೆ ಬರೆಯುವುದಕ್ಕೆ ರಜೆ ಬೇಡ. ಅಂದಾಜು ಬರೆದರೂ ಅಡ್ಡಿಲ್ಲ. ಹಾಗೆಯೇ ಕಚೇರಿಯ ಚಾ: ಸ್ಕ್ರೀನ್‌ಶಾಟ್‌ನಲ್ಲಿ ದಿನಕ್ಕೆ ಎರಡೇ ಕಂಡವು. ನಾಲ್ಕಿದ್ದರೆ ನಾಲ್ಕು ಬರೆಯಿರಿ; ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಚಾ ಒಂದಕ್ಕೆ 70ರ ಆಸುಪಾಸು.

ಅನ್ನದ ವಿಷಯ. ಸಹೋದ್ಯೋಗಿಯ ಸಲಹೆಯಿಂದ ಮೊದಲ ವಾರ ತೂಕ ಇಳಿಯುವುದು ನಿಜ, ಅದಕ್ಕೇ ಈ ಸಲಹೆಗೆ ಇಷ್ಟು ಆಯುಷ್ಯ. ದೇಹ ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟರೆ ಅವೆರಡೂ ಖಾಲಿಯಾಗಿ ಒಂದೆರಡು ಕೆ.ಜಿ. ಹೋಗುತ್ತದೆ, ಮದುವೆಮನೆಯಲ್ಲಿ ಒಂದು ಊಟ ಉಂಡು ಬಂದರೆ ಮರಳುತ್ತದೆ. ಕುಚ್ಚಲಕ್ಕಿಗೆ ಕ್ಯಾಲರಿ ಕಡಿಮೆ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿ. ಒಣ ಅಕ್ಕಿಯ ತೂಕದಲ್ಲಿ ನೋಡಿದರೆ ಕುಚ್ಚಲಕ್ಕಿ, ಬೆಳ್ತಿಗೆ ಎರಡೂ ನೂರು ಗ್ರಾಂಗೆ 350ರ ಹತ್ತಿರವೇ. ಕುಚ್ಚಲಕ್ಕಿ ನೀರು ಹೆಚ್ಚು ಹೀರುತ್ತದೆ, ಗಂಜಿ ಮಾಡಿದರೆ ಹೊಟ್ಟೆ ಬೇಗ ತುಂಬುತ್ತದೆ, ಅದು ಅದರ ಒಳ್ಳೆಯ ಗುಣ. ನಿಮ್ಮ ‘1 ಕಪ್, 200 ಕ್ಯಾಲರಿ’ ಎಂದರೆ ಬೆಂದ ಅನ್ನ 150 ಗ್ರಾಂ. ದೊಡ್ಡ ಸೌಟಿನಲ್ಲಿ ಎರಡು ಸಲ ಬಡಿಸಿಕೊಂಡರೆ ತಟ್ಟೆಯಲ್ಲಿ 250 ಗ್ರಾಂ ಇರಬಹುದು. ಒಂದು ದಿನ ನಿಮ್ಮ ತಟ್ಟೆಯನ್ನೇ ತಕ್ಕಡಿ ಮೇಲಿಟ್ಟು ಬಡಿಸಿಕೊಳ್ಳಿ. ಆಮೇಲೆ ಕಣ್ಣಿಗೆ ಅಭ್ಯಾಸವಾಗುತ್ತದೆ. ಹೇಳಿದ ಎಲ್ಲ ತಪ್ಪುಗಳೂ ನಿಮ್ಮಲ್ಲಿ ಇರಬೇಕೆಂದಿಲ್ಲ, 270 ತಲುಪಲು ಇವುಗಳಲ್ಲಿ ಎರಡು ಸಾಕು.

ಅಂದ ಹಾಗೆ, ಮೇ ತಿಂಗಳಲ್ಲಿ ನಿಮ್ಮ ತೂಕ ಚೆನ್ನಾಗಿಯೇ ಇಳಿದಿದೆ. ಅಂಕೋಲೆಯಲ್ಲಿದ್ದುಕೊಂಡು ಆಗ ಕರಿ ಇಶಾಡ ಮಾವು ತಿನ್ನದೆ ಇದ್ದಿರಲಾರಿರಿ. ಹಾಗಾಗಿ ಮಾವಿನ ಹಣ್ಣಿನ ಮೇಲೆ ಯಾರಾದರೂ ಆರೋಪ ಹೊರಿಸಿದರೆ ನಂಬಬೇಡಿ.

ಈಗ ಜೂನ್‌ಗೆ ಬರೋಣ. ಮಳೆ ಹಿಡಿದ ಮೇಲೆ ಏನೇನು ಬದಲಾಯಿತು? ಸಂಜೆಯ ನಡಿಗೆ ನಿಂತಿತು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ, ತಾಜಾ ಮೀನು ಕಡಿಮೆಯಾಗಿ ಒಣಮೀನು ತಟ್ಟೆಗೆ ಬಂತು. ಜೊತೆಗೆ ಉಪ್ಪಿನಕಾಯಿ, ಹಲಸಿನ ಹಪ್ಪಳ. ಡಂಬೆಲ್ಸ್ ಹೊಸದಾಗಿ ಶುರುವಾಯಿತು. ಈ ಮೂರೂ ತಕ್ಕಡಿಯ ಮುಳ್ಳನ್ನು ಬೇರೆ ಬೇರೆ ದಾರಿಯಲ್ಲಿ ಮೇಲೆ ತಳ್ಳುತ್ತವೆ, ಒಂದು ಮಾತ್ರ ನಿಜವಾದ ಕೊಬ್ಬಿನ ದಾರಿ.

ನಡಿಗೆಯದ್ದು ಆ ನಿಜವಾದ ದಾರಿ. 50 ನಿಮಿಷಕ್ಕೆ ನಾಲ್ಕು ಕಿಲೋಮೀಟರ್ ನಡೆದಿರಿ ಎನ್ನೋಣ. ನಿಮ್ಮ ತೂಕಕ್ಕೆ ಅದರ ಒಟ್ಟು ಖರ್ಚು ಸುಮಾರು 200. ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚು ಕಳೆದರೆ ನಡಿಗೆಯಿಂದ ಬಂದದ್ದು 150. ಬ್ಯಾಂಡ್ ತೋರಿಸಿದ್ದು 320. ಮೆತ್ತನೆಯ ಒಣ ಮರಳಲ್ಲಿ ಕಾಲು ಹೂತು ನಡೆದರೆ ಖರ್ಚು ಜೋರಾಗಿ ಏರುತ್ತದೆ ನಿಜ, ಆದರೆ ಅಲೆ ಬಂದು ಹೋದ ಗಟ್ಟಿ ಮರಳಿನ ಮೇಲೆ ನಡೆಯುವುದೇ ಎಲ್ಲರ ಅಭ್ಯಾಸ. ಕೈಯ ಬ್ಯಾಂಡ್‌ಗಳ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯವನ್ನು ಪರೀಕ್ಷಿಸಿದ್ದರು. ಎದೆಬಡಿತ ಹೆಚ್ಚಿನವು ಸರಿಯಾಗಿ ಹೇಳಿದವು. ಕ್ಯಾಲರಿಯಲ್ಲಿ ಅತ್ಯಂತ ನಿಖರವಾದದ್ದೇ ಸರಾಸರಿ 27 ಶೇಕಡ ತಪ್ಪಿತ್ತು, ಅತಿ ಕೆಟ್ಟದ್ದು 93 ಶೇಕಡ.

ತಪ್ಪು ಅಂಕಿ ತೋರಿಸಿದರೆ ಏನಾಯಿತು ಎನ್ನಬಹುದು. ಆ್ಯಪ್ ಆ 320ನ್ನು ನಿಮ್ಮ ಊಟದ ಖಾತೆಗೆ ಜಮಾ ಮಾಡುತ್ತದೆ, ಅಲ್ಲಿದೆ ತೊಡಕು. ಸ್ಕ್ರೀನ್‌ಶಾಟ್‌ನಲ್ಲಿ ಗುರುವಾರ ‘ಎಕ್ಸರ್‌ಸೈಜ್ +240’ ಎಂದಿದೆ, ಆ ದಿನ ನೀವು 1,560 ತಿಂದಿದ್ದೀರಿ, ಆ್ಯಪ್ ಅದಕ್ಕೆ ಹಸಿರು ಗುರುತು ಕೊಟ್ಟಿದೆ. ಖರ್ಚನ್ನು 1.4ರಿಂದ ಗುಣಿಸುವಾಗಲೇ ನಡಿಗೆಯ ಪಾಲು ಸೇರಿಹೋಗಿತ್ತು. ಇದು ಒಂದೇ ಬಿಲ್‌ಗೆ ಎರಡು ಸಲ ರಿಯಾಯಿತಿ ಕೊಟ್ಟ ಹಾಗೆ. ಇಪ್ಪತ್ತು ನಿಮಿಷದ ಡಂಬೆಲ್ಸ್‌ಗೆ 240 ಖರ್ಚಾಗುವುದಿಲ್ಲ, ನೂರು ಆದರೆ ಹೆಚ್ಚು. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ವ್ಯಾಯಾಮದ ಕ್ಯಾಲರಿ ಊಟಕ್ಕೆ ಸೇರುವುದನ್ನು ಇವತ್ತೇ ಬಂದ್ ಮಾಡಿ. ಬ್ಯಾಂಡ್‌ನಲ್ಲಿ ಹೆಜ್ಜೆಗಳನ್ನು ಮಾತ್ರ ನೋಡಿ. ಮೇ ತಿಂಗಳ ಸರಾಸರಿ ಹೆಜ್ಜೆ ಎಷ್ಟು, ಜುಲೈಯದ್ದು ಎಷ್ಟು ಎಂದು ಹೋಲಿಸಿದರೆ ಮಳೆಗಾಲದ ಸೋರಿಕೆ ಎಷ್ಟೆಂದು ನಿಮಗೇ ತಿಳಿಯುತ್ತದೆ. ನಾಲ್ಕೂವರೆ ಸಾವಿರ ಹೆಜ್ಜೆ ಕಡಿಮೆಯಾಗಿದ್ದರೆ ದಿನಕ್ಕೆ ಸುಮಾರು 110 ಕ್ಯಾಲರಿ ಹೋಯಿತು.

ಎರಡನೆಯದು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ, ದೇಹದ ದ್ರವದ ಉಪ್ಪೂ ಆ ಮಟ್ಟದ್ದೇ. ಹಾಗಾಗಿ ರೂಢಿಗಿಂತ ನಾಲ್ಕೈದು ಗ್ರಾಂ ಉಪ್ಪು ಹೆಚ್ಚು ಒಳಗೆ ಹೋದರೆ ಅರ್ಧ ಲೀಟರ್ ನೀರು ಕೆಲವು ದಿನ ಮೈಯಲ್ಲೇ ನಿಲ್ಲಬಹುದು. ಗಂಜಿ, ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಸೇರಿದ ಊಟದಲ್ಲಿ ಅಷ್ಟು ಉಪ್ಪು ಸುಲಭವಾಗಿ ಆಗುತ್ತದೆ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂ ಒಳಗೆ. ಒಣಮೀನನ್ನು ಬಿಸಿನೀರಲ್ಲಿ ಎರಡು ಸಲ ನೆನೆಸಿ ನೀರು ಚೆಲ್ಲಿ ಬಳಸಿದರೆ ಸಾಕಷ್ಟು ಉಪ್ಪು ಹೋಗುತ್ತದೆ. ತೂಕಕ್ಕಿಂತ ರಕ್ತದೊತ್ತಡದ ದೃಷ್ಟಿಯಿಂದ ಇದು ಹೆಚ್ಚು ಮುಖ್ಯ.

ಮೂರನೆಯದು ಡಂಬೆಲ್ಸ್. ಹೊಸ ವ್ಯಾಯಾಮಕ್ಕೆ ಮಾಂಸಖಂಡ ಸಣ್ಣಗೆ ಹರಿದು, ನೋವಾಗಿ, ದುರಸ್ತಿಗೆಂದು ನೀರು ಹಿಡಿಯುತ್ತದೆ. ಗ್ಲೈಕೋಜನ್ ಸಂಗ್ರಹವೂ ಸ್ವಲ್ಪ ಹೆಚ್ಚುತ್ತದೆ. ಮೊದಲ ಕೆಲವು ವಾರ ತೂಕ ನಿಂತಂತೆ, ಏರಿದಂತೆ ಕಾಣುವುದು ಸಹಜ. ಇದನ್ನು ಕಂಡು ಡಂಬೆಲ್ಸ್ ಬಿಟ್ಟುಬಿಡುವವರೇ ಹೆಚ್ಚು. ಇನ್ನು ಕೆಲವು ವರ್ಷದ ನಂತರ ನಿಮ್ಮ ಮೊಣಕಾಲು, ಮೂಳೆಗಳಿಗೆ ಬೇಕಾಗುವುದು ಅದೇ ಡಂಬೆಲ್ಸ್. ಮುಂದುವರಿಸಿ.

42ರಲ್ಲಿ ಇನ್ನೊಂದು ಮಾತು: ಮುಟ್ಟಿನ ಮುಂಚಿನ ವಾರ ಒಂದೆರಡು ಕೆ.ಜಿ. ನೀರು ಏರುವವರು ಬಹಳ ಜನ. ಜೂನ್‌ನ 70.8 ಮುಟ್ಟಾದ ಮೇಲೆ, ಆಗಸ್ಟ್‌ನ 70.5 ಮುಟ್ಟಿನ ಮುಂಚೆ ತೂಗಿದ್ದಾದರೆ ಆ ಎರಡು ಅಂಕಿಗಳನ್ನು ಹೋಲಿಸುವುದೇ ತಪ್ಪು. ಒಂದೇ ದಿನದ ತೂಕಕ್ಕೆ ಬೆಲೆ ಕೊಡಬೇಡಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಏನೂ ಕುಡಿಯುವ ಮೊದಲು, ಚಾಪೆಯ ಮೇಲಲ್ಲದೆ ಗಟ್ಟಿ ನೆಲದ ಮೇಲೆ ಮಾಪಕ ಇಟ್ಟು ದಿನವೂ ತೂಗಿ, ಏಳು ದಿನದ ಸರಾಸರಿ ಮಾತ್ರ ನೋಡಿ. ದಿನವೂ ತೂಗಿದರೆ ತಲೆ ಕೆಡುತ್ತದೆ ಎನ್ನುವ ಸ್ವಭಾವವಾದರೆ ವಾರಕ್ಕೆ ಮೂರು ಸಲ ಸಾಕು. ಜೊತೆಗೆ ಸೊಂಟದ ಸುತ್ತಳತೆ, ಹದಿನೈದು ದಿನಕ್ಕೊಮ್ಮೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ. ಭಾರತೀಯ ಮಹಿಳೆಯರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಚಿಂತೆ ಬಿಡಿ.

‘ಸ್ಟಾರ್ವೇಶನ್ ಮೋಡ್’ ಕತೆಗೆ ಅರ್ಧ ಸತ್ಯದ ಬುಡ ಇದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಎಲ್ಲರೂ ಸ್ವಇಚ್ಛೆಯಿಂದ ಬಂದವರು. ಅವರ ಚಯಾಪಚಯ ಬಹಳ ಕುಗ್ಗಿತು. ಆದರೂ ತೂಕ ಇಳಿಯುವುದು ನಿಲ್ಲಲಿಲ್ಲ, ಕೊನೆಗೆ ಮೈತೂಕದ ಕಾಲುಭಾಗವೇ ಹೋಗಿತ್ತು. ಕಾಲು ಊದಿಕೊಂಡು ನೀರು ತುಂಬಿದ್ದರಿಂದ ನಡುನಡುವೆ ಮುಳ್ಳು ನಿಂತಂತೆ ಕಂಡದ್ದುಂಟು. ನಿಮ್ಮ ವಿಷಯದಲ್ಲಿ 4 ಕೆ.ಜಿ. ಇಳಿದದ್ದಕ್ಕೆ ದೇಹದ ಖರ್ಚು ಕಡಿಮೆಯಾಗಿರುವುದು ದಿನಕ್ಕೆ 60 ಕ್ಯಾಲರಿ ಆಸುಪಾಸು. ಸುಸ್ತಾಗಿ ಓಡಾಟ ಕಡಿಮೆಯಾಗಿದ್ದರೆ ಇನ್ನು ಸ್ವಲ್ಪ. ಮುಚ್ಚಿಹೋದ ಬಾಗಿಲೇನೂ ಇಲ್ಲ. 1,000ಕ್ಕೆ ಇಳಿದರೆ ಮಾತ್ರ ಪ್ರೋಟೀನ್, ಕಬ್ಬಿಣ ಸಾಲದೆ ಕೂದಲು ಉದುರುವುದು, ಮಾಂಸಖಂಡ ಕರಗುವುದು, ಭಾನುವಾರ ಕಟ್ಟೆಯೊಡೆದು ತಿನ್ನುವುದು ಶುರುವಾಗುತ್ತದೆ. ವೈದ್ಯರ ಕಣ್ಗಾವಲಿಲ್ಲದೆ 1,200ಕ್ಕಿಂತ ಕೆಳಗೆ ಯಾವ ಹೆಂಗಸೂ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮೂರು ವಾರ ಹೀಗೆ ಸರಿಯಾಗಿ ತೂಗಿ ಬರೆದ ಮೇಲೆ ನಿಮ್ಮ ನಿಜವಾದ ಊಟ ಎಷ್ಟೆಂದು ಗೊತ್ತಾಗುತ್ತದೆ. 1,650 ಎಂದು ಬಂದರೆ ನನಗೆ ಆಶ್ಚರ್ಯವಾಗದು. ಆಗ ಅಲ್ಲಿಂದ 250 ಕಡಿಮೆ ಮಾಡಿ. ಎಲ್ಲಿಂದ ಎಂಬುದು ನಿಮ್ಮ ಆಯ್ಕೆ. ನನ್ನನ್ನು ಕೇಳಿದರೆ ಎಣ್ಣೆಯಿಂದ ನೂರು, ಚಾದ ಸಕ್ಕರೆಯಿಂದ ಐವತ್ತು, ರಾತ್ರಿಯ ಅನ್ನದಿಂದ ನೂರು. ಕಾಯಿಯನ್ನು ಆಮೇಲೆ ನೋಡೋಣ. ಸಾರಿನಲ್ಲಿ ಕಾಯಿ ಕಡಿಮೆಯಾದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ, ಕಾವಲಿಯಲ್ಲಿ ಎಣ್ಣೆ ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಪ್ರೋಟೀನ್ ದಿನಕ್ಕೆ 70 ಗ್ರಾಂ ಹತ್ತಿರ ಇರಲಿ: ಎರಡು ಮೊಟ್ಟೆ, ಒಂದು ಬಟ್ಟಲು ಮೊಸರು, 50 ಗ್ರಾಂ ಹೆಸರುಕಾಳು ಅಥವಾ ಬೇಳೆ, 150 ಗ್ರಾಂ ಮೀನು, ಉಳಿದದ್ದು ಅನ್ನದಿಂದಲೇ ಬರುತ್ತದೆ. ನಿಮ್ಮ ಜುಲೈಯ ಬರಹದಲ್ಲಿ ಪ್ರೋಟೀನ್ 40ರ ಒಳಗಿದೆ. ತಾಜಾ ಮೀನು ಸಿಗದಿದ್ದಾಗ ಅದರ ಜಾಗವನ್ನು ಅನ್ನ, ಹಪ್ಪಳ ತುಂಬಿವೆ, ಸಂಜೆ ಐದಕ್ಕೆ ಹಸಿವು ತಡೆಯಲಾಗುವುದಿಲ್ಲ ಎಂದು ನೀವು ಒಂದು ಕಡೆ ಬರೆದುಕೊಂಡಿರುವುದಕ್ಕೆ ಕಾರಣ ಅದೇ. ಈಗ ದೋಣಿಗಳು ಮತ್ತೆ ಇಳಿದಿವೆ, ಬಂಗಡೆ ಬರಲಿ. ವಾರದಲ್ಲಿ ಎರಡು ದಿನ ಫ್ರೈ ಸಾಕು, ಉಳಿದ ದಿನ ಸಾರು. ಮಳೆ ನಿಲ್ಲುವವರೆಗೆ ಊಟದ ನಂತರ ಮನೆಯೊಳಗೆ ಹತ್ತು ಹತ್ತು ನಿಮಿಷ ನಡೆದರೂ ಸಾಕು, ಹೆಜ್ಜೆ ಎಣಿಕೆ ಮೇ ತಿಂಗಳ ಮಟ್ಟಕ್ಕೆ ಬಂದರೆ ಸರಿ.

ಆಮೇಲೂ ವಾರಕ್ಕೆ 300 ಗ್ರಾಂ ಇಳಿದರೆ ಅದನ್ನು ನಿಧಾನ ಎನ್ನಬೇಡಿ, ನಿಮ್ಮ ಎತ್ತರದವರಿಗೆ ಅದೇ ಸರಿಯಾದ ವೇಗ. ಆ್ಯಪ್‌ನ 64 ಕೆ.ಜಿ. ಸರಳರೇಖೆಯ ಗಣಿತ. ಇಲ್ಲಿಯವರೆಗೆ ಇಳಿದ 4.1 ಕೆ.ಜಿ. ನಿಮ್ಮ ಮೊದಲಿನ ತೂಕದ ಐದೂವರೆ ಶೇಕಡ, ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಸುಧಾರಣೆ ಕಾಣಿಸಿಕೊಳ್ಳುವುದು ಐದು ಶೇಕಡದಿಂದಲೇ.

ಥೈರಾಯ್ಡ್: 42ರ ಹೆಂಗಸು ಒಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಹೇಗೂ ಒಳ್ಳೆಯದು. ಚಳಿ ತಡೆಯದಿರುವುದು, ಮಲಬದ್ಧತೆ, ವಿಪರೀತ ಸುಸ್ತು, ಮುಟ್ಟಿನಲ್ಲಿ ಹೆಚ್ಚು ಸ್ರಾವ ಇದ್ದರೆ ತಡಮಾಡಬೇಡಿ. ಆದರೆ ಥೈರಾಯ್ಡ್ ಕಡಿಮೆಯಾದದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆ.ಜಿ., ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. 15 ವಾರ ಸರಾಗವಾಗಿ ತೂಕ ಇಳಿದವರಲ್ಲಿ ಅದು ನನ್ನ ಮೊದಲ ಅನುಮಾನವಲ್ಲ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಖಿನ್ನತೆಯ ಮಾತ್ರೆಗಳು ತೂಕ ಹಿಡಿದಿಡುತ್ತವೆ. ಜೂನ್ ಸುತ್ತಮುತ್ತ ಯಾವುದಾದರೂ ಹೊಸ ಮಾತ್ರೆ ಶುರುವಾಗಿದ್ದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಅದು ತೂಕದ ಪ್ರಶ್ನೆಯೇ ಅಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಿ.

ಇನ್ನು ಚೌತಿ ಬರುತ್ತದೆ. ಪಂಚಕಜ್ಜಾಯ, ಚಕ್ಕುಲಿ, ಮೋದಕ ಬಿಟ್ಟು ಕೂರಬೇಕಿಲ್ಲ. ಕರಿದ ದಿನ ಎಣ್ಣೆ ಡಬ್ಬಿ ತೂಗಲು ಮಾತ್ರ ಮರೆಯಬೇಡಿ. ಚೌತಿಯ ನಂತರದ ಐದು ದಿನಗಳ ತೂಕವನ್ನು ಸರಾಸರಿಗೆ ಸೇರಿಸಬೇಡಿ, ಮೂರು ವಾರದ ಎಣಿಕೆಯನ್ನು ಅಷ್ಟು ದಿನ ಮುಂದಕ್ಕೆ ಹಾಕಿ. ಆಮೇಲೆ ಎಣ್ಣೆಯ ಗ್ರಾಂ, ಕಾಯಿಯ ಎಣಿಕೆ, ಹೆಜ್ಜೆಗಳ ಸರಾಸರಿ, ಸೊಂಟದ ಅಳತೆ, ಇಷ್ಟನ್ನೂ ಟಿಎಸ್‌ಎಚ್ ವರದಿಯ ಜೊತೆ ಕಳಿಸಿ.